ಕ್ಷಮಿಸು ಎಂದು ಹೇಳುವ ಹಕ್ಕು ಸಭೆಗಿಲ್ಲ

ನಮ್ಮ ಸಭೆಯಲ್ಲಿ ಭಾನುವಾರ ಎಲ್ಲರೂ ಎದ್ದು ನಿಂತು ಕರ್ತನ ಪ್ರಾರ್ಥನೆ ಹೇಳುವಾಗ ನನ್ನ ದೊಡ್ಡಮ್ಮನ ಮಗಳು ಒಂದು ಸಾಲಿಗೆ ಬಂದಾಗ ಬಾಯಿ ಮುಚ್ಚುತ್ತಿದ್ದಳು. ಕ್ಷಮೆಯ ಮಾತು ಬರುವ ಸಾಲು ಅದು. ಅದು ದಾಟಿದ ಮೇಲೆ ಮತ್ತೆ ಎಲ್ಲರ ದನಿಗೆ ದನಿ ಸೇರಿಸುತ್ತಿದ್ದಳು. ಪಕ್ಕದಲ್ಲಿ ನಿಲ್ಲುತ್ತಿದ್ದ ನನಗೆ ಆಗ ಹತ್ತು ವರ್ಷ. ಅಕ್ಕನಿಗೆ ಪ್ರಾರ್ಥನೆ ಮರೆತುಹೋಗುತ್ತದೆ ಎಂದುಕೊಂಡಿದ್ದೆ. ನಿಜ ಗೊತ್ತಾದದ್ದು ನನಗೆ ಮೂವತ್ತು ದಾಟಿದ ಮೇಲೆ. ಅವಳು ಹದಿಮೂರರ ಹುಡುಗಿಯಾಗಿದ್ದಾಗ ಭಾನುವಾರದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಹಿರಿಯನೊಬ್ಬ ಅವಳ ಮೇಲೆ ಕೈ ಹಾಕಿದ್ದ. ಅವಳು ಮನೆಯಲ್ಲಿ ಹೇಳಿದಳು. ಮನೆಯವರು ಸಭಾಪಾಲಕರಿಗೆ ಹೇಳಿದರು. ಹಿರಿಯರು ಕೂಡಿದರು, ಮೊಣಕಾಲೂರಿ ಪ್ರಾರ್ಥಿಸಿದರು, ಆಮೇಲೆ ಹುಡುಗಿಯನ್ನು ಕರೆಸಿ ಆ ಮನುಷ್ಯನ ಎದುರೇ ಕೂರಿಸಿ ‘ಕ್ಷಮಿಸಿದ್ದೇನೆ’ ಎಂದು ಬಾಯಿಬಿಟ್ಟು ಹೇಳಿಸಿದರು. ಹೇಳಿದಳು. ಎಲ್ಲರೂ ಕಾಫಿ ಕುಡಿದರು. ಅವನು ಮುಂದಿನ ವಾರವೂ ಪಾಠ ಮಾಡಿದ.

ಅವಳನ್ನು ಮುರಿದದ್ದು ಮೊದಲ ದಿನವೋ ಎರಡನೆಯ ದಿನವೋ ಎಂದು ಕೇಳಿದರೆ ಅವಳು ಎರಡನೆಯದನ್ನೇ ಹೇಳುತ್ತಾಳೆ. ಮೊದಲ ದಿನ ಒಬ್ಬ ಮನುಷ್ಯ ಕೆಟ್ಟವನೆಂದು ತಿಳಿಯಿತು, ಎರಡನೆಯ ದಿನ ದೇವರೂ ಅವನ ಕಡೆ ಎಂದು ತಿಳಿಯಿತು ಎನ್ನುತ್ತಾಳೆ.

ಇದನ್ನು ಈಗ ಬರೆಯಲು ಕಾರಣವಿದೆ. ಇಂಗ್ಲೆಂಡಿನ ಸಭೆಯಲ್ಲಿ ನಡೆದದ್ದನ್ನು ‘ಆಯಿತಲ್ಲ, ಆರ್ಚ್‌ಬಿಷಪ್ಪರೇ ಕೆಳಗಿಳಿದರಲ್ಲ, ಇನ್ನು ಕ್ಷಮಿಸಿ ಮುಂದೆ ಹೋಗೋಣ’ ಎಂದು ಮುಗಿಸಿಬಿಡುವ ಆತುರ ನನಗೆ ನಮ್ಮಲ್ಲೂ ಕೇಳಿಸುತ್ತಿದೆ. ಆ ಸಭೆ ನಮಗೆ ದೂರದ್ದಲ್ಲ. 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆ, ಅಂದರೆ ನಾವು ಸಿಎಸ್‌ಐ ಎನ್ನುವುದು, ಕ್ಯಾಂಟರ್‌ಬರಿಯನ್ನು ಹಿರಿಯಣ್ಣನೆಂದು ಕಾಣುವ ಆಂಗ್ಲಿಕನ್ ಒಕ್ಕೂಟದ ಅಂಗ. ಮಂಗಳೂರು, ಧಾರವಾಡ, ಬೆಂಗಳೂರಿನ ಡಯಾಸಿಸ್‌ಗಳ ಕನ್ನಡಿಗರೂ ಆ ಒಕ್ಕೂಟದವರೇ. ಅಲ್ಲಿನ ನೋವು ನಮ್ಮ ಮನೆಯ ನೋವು.

ಆ ನೋವಿಗೆ ಕಾರಣನಾದ ಜಾನ್ ಸ್ಮೈತ್ ಪಾದ್ರಿಯಲ್ಲ, ಹೆಸರಾಂತ ವಕೀಲ. ಒಳ್ಳೆಯ ಮನೆತನದ ಹುಡುಗರಿಗಾಗಿ ನಡೆಯುತ್ತಿದ್ದ ಯೂಅರ್ನ್ ಎಂಬ ಕ್ರೈಸ್ತ ಶಿಬಿರಗಳ ಮುಖ್ಯಸ್ಥ. 1970ರ ದಶಕದ ಕೊನೆಯಿಂದ ವಿಂಚೆಸ್ಟರಿನ ತನ್ನ ಮನೆಯ ತೋಟದ ಶೆಡ್ಡಿಗೆ ಹುಡುಗರನ್ನು ಕರೆದೊಯ್ದು ರಕ್ತ ಬರುವವರೆಗೆ ಬೆತ್ತದಿಂದ ಹೊಡೆಯುತ್ತಿದ್ದ. ಅದನ್ನು ಅವನು ಶಿಕ್ಷೆ ಎಂದು ಕರೆಯಲಿಲ್ಲ, ಶಿಷ್ಯತ್ವ ಎಂದು ಕರೆದ. ಪಾಪದಿಂದ ಶುದ್ಧರಾಗುವ ದಾರಿ ಎಂದ. ಹೊಡೆದ ಮೇಲೆ ಪ್ರಾರ್ಥನೆ ಮಾಡುತ್ತಿದ್ದ. ದೇವರ ಪ್ರೀತಿ ಎಂದರೆ ಬೆನ್ನ ಮೇಲಿನ ಗಾಯ ಎಂದು ಆ ಹುಡುಗರ ಮೈಗೇ ಕಲಿಸಿಬಿಟ್ಟ.

1982ರಲ್ಲೇ ಮಾರ್ಕ್ ರಸ್ಟನ್ ಎಂಬ ಪಾದ್ರಿ ವಿಚಾರಿಸಿ ವರದಿ ಬರೆದರು. ಏನು ನಡೆದಿದೆ, ಎಷ್ಟು ಹುಡುಗರ ಮೇಲೆ ನಡೆದಿದೆ ಎಂಬುದೆಲ್ಲ ಅದರಲ್ಲಿತ್ತು. ಅದು ಕೆಲವೇ ನಾಯಕರ ಕೈಯಲ್ಲಿ ಸುತ್ತಾಡಿತು. ಪೊಲೀಸರಿಗೆ ಹೋಗಲಿಲ್ಲ. 1984ರಲ್ಲಿ ಸ್ಮೈತ್ ಜಿಂಬಾಬ್ವೆಗೆ ಹೋದ, ಅಲ್ಲಿ ಮತ್ತೆ ಶಿಬಿರ ತೆರೆದ. 1992ರ ಡಿಸೆಂಬರಿನಲ್ಲಿ ಮರೊಂಡೆರಾದ ಶಿಬಿರದ ಈಜುಕೊಳದಲ್ಲಿ ಗೈಡ್ ನ್ಯಾಚುರು ಎಂಬ ಹದಿನಾರರ ಹುಡುಗನ ಶವ ಸಿಕ್ಕಿತು. ಮೊಕದ್ದಮೆ ಹೂಡಲಾಯಿತು, ಅದು ಕುಸಿದುಬಿತ್ತು. ಸ್ಮೈತ್ ದಕ್ಷಿಣ ಆಫ್ರಿಕಾ ಸೇರಿದ. 2017ರಲ್ಲಿ ಬ್ರಿಟನ್ನಿನ ಚಾನೆಲ್ 4 ಈ ಸುದ್ದಿಯನ್ನು ಹೊರಗೆಳೆಯಿತು. 2018ರ ಆಗಸ್ಟಿನಲ್ಲಿ ಕೇಪ್‌ಟೌನ್‌ನಲ್ಲಿ ಅವನು ತನ್ನ ಮನೆಯಲ್ಲಿ ಸತ್ತ, ಒಮ್ಮೆಯೂ ಶಿಕ್ಷೆಗೊಳಗಾಗದೆ. ಈ ಪ್ರಕರಣದ ಬಗ್ಗೆ ಕೀತ್ ಮೇಕಿನ್ ಅವರ ವಿಮರ್ಶಾ ವರದಿ 2024ರ ನವೆಂಬರ್ 7ರಂದು ಪ್ರಕಟವಾದಾಗ ಎರಡು ಖಂಡಗಳ ಸಂತ್ರಸ್ತರ ಸಂಖ್ಯೆ 130ರವರೆಗೆ ಇರಬಹುದೆಂಬ ಅಂದಾಜು ಸಿಕ್ಕಿತು. ಐದು ದಿನದ ನಂತರ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ರಾಜೀನಾಮೆ ಘೋಷಿಸಿದರು. 2013ರಲ್ಲಿ ವಿಷಯ ತಮ್ಮ ಬಳಿಗೆ ಬಂದಾಗ ಪೊಲೀಸರಿಗೆ ಹೇಳಲಾಗಿದೆ ಎಂದು ನಂಬಿ ಸುಮ್ಮನಿದ್ದರು ಎಂಬುದು ಅವರ ಮೇಲಿನ ದೋಷ.

1982ರಿಂದ 2024. ನಲವತ್ತೆರಡು ವರ್ಷ. ಆ ವರದಿಯನ್ನು ಮುಚ್ಚಿಟ್ಟವರು ದುಷ್ಟರಾಗಿರಲಿಲ್ಲ ಎಂಬುದೇ ನನ್ನನ್ನು ಹೆಚ್ಚು ಕಾಡುವುದು. ಅವರು ಪ್ರಾರ್ಥಿಸುವ ಜನ. ವಿಷಯ ಹೊರಬಿದ್ದರೆ ದೇವರ ಸೇವೆಗೆ ಹಾನಿಯಾಗುತ್ತದೆ ಎಂದು ಮನಸಾರೆ ನಂಬಿದ್ದರು. ನನ್ನ ಅಕ್ಕನ ಎದುರು ಕೂತಿದ್ದ ಹಿರಿಯರೂ ಅದನ್ನೇ ನಂಬಿದ್ದರು.

ಈಗ ನನ್ನ ಮಾತು ಹೇಳುತ್ತೇನೆ. ಗಾಯಗೊಂಡವರಿಗೆ ‘ಕ್ಷಮಿಸು’ ಎಂದು ಹೇಳುವ ಹಕ್ಕನ್ನು ಸಭೆ ಕಳೆದುಕೊಂಡಿದೆ. ಅದನ್ನು ಮತ್ತೆ ಗಳಿಸುವವರೆಗೆ ಆ ಪದವನ್ನು ಪೀಠದಿಂದ ಅವರ ಕಡೆಗೆ ಎಸೆಯಬಾರದು. ಇದು ಸುವಾರ್ತೆಗೆ ವಿರುದ್ಧ ಎನ್ನುವವರು ಮತ್ತಾಯನ ಹದಿನೆಂಟನೆಯ ಅಧ್ಯಾಯವನ್ನು ಮೊದಲಿನಿಂದ ಓದಬೇಕು. ನಮ್ಮ ಪ್ರಸಂಗಗಳು ಆ ಅಧ್ಯಾಯವನ್ನು ಯಾವಾಗಲೂ ಬಾಲದಿಂದ ಹಿಡಿಯುತ್ತವೆ. ಎಷ್ಟು ಸಲ ಕ್ಷಮಿಸಬೇಕೆಂದು ಪೇತ್ರ ಕೇಳುವುದು, ಏಳೆಪ್ಪತ್ತು ಸಲವೆಂದು ಯೇಸು ಹೇಳುವುದು. ಆದರೆ ಅಲ್ಲಿಗೆ ಬರುವ ಮುಂಚೆ ಯೇಸು ಒಂದು ಮಗುವನ್ನು ಕರೆದು ನಡುವೆ ನಿಲ್ಲಿಸುತ್ತಾನೆ. ಇಂಥ ಚಿಕ್ಕವರಿಗೆ ಅಡ್ಡಿಯಾಗುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರದ ಆಳಕ್ಕೆ ನೂಕುವುದೇ ಅವನಿಗೆ ಲೇಸು ಎನ್ನುತ್ತಾನೆ. ಆಮೇಲೆ ತೊಂಬತ್ತೊಂಬತ್ತು ಕುರಿಗಳನ್ನು ಬೆಟ್ಟದ ಮೇಲೆ ಬಿಟ್ಟು ತಪ್ಪಿಹೋದ ಒಂದನ್ನು ಹುಡುಕಿಕೊಂಡು ಹೋಗುವ ಕುರುಬ. ಆಮೇಲೆ, ತಪ್ಪು ಮಾಡಿದವನು ಕೇಳದಿದ್ದರೆ ಸಾಕ್ಷಿಗಳನ್ನು ಕರೆ, ಅದಕ್ಕೂ ಕೇಳದಿದ್ದರೆ ಇಡೀ ಸಭೆಗೆ ಹೇಳು ಎಂಬ ಅಪ್ಪಣೆ. ಪೇತ್ರನ ಪ್ರಶ್ನೆ ಬರುವುದು ಇದೆಲ್ಲ ಆದ ಮೇಲೆ. ಮಗು, ಬೀಸುವ ಕಲ್ಲು, ಹುಡುಕಾಟ, ಬಹಿರಂಗ, ಆಮೇಲೆ ಕ್ಷಮೆ. ಮೊದಲಿನ ನಾಲ್ಕನ್ನು ಹಾರಿಸಿ ಐದನೆಯದನ್ನು ಮಗುವಿನ ತಲೆಯ ಮೇಲೆ ಹೊರಿಸುವುದು ಯೇಸುವಿನ ಬೋಧನೆಯಲ್ಲ.

ಜಕ್ಕಾಯನ ಕಥೆ ಎಲ್ಲ ಮಕ್ಕಳಿಗೂ ಗೊತ್ತು, ಮರ ಹತ್ತಿದ ಕುಳ್ಳ. ಅವನು ಮರದಿಂದ ಇಳಿದು ಏನು ಮಾಡಿದ? ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದು ಎಲ್ಲರ ಎದುರು ಹೇಳಿದ. ಅವನಿಂದ ಮೋಸಹೋದವರನ್ನು ಕರೆಸಿ ‘ಪಾಪ, ಕ್ಷಮಿಸಿಬಿಡಿ’ ಎಂದು ಯಾರೂ ಹೇಳಲಿಲ್ಲ.

ಕ್ಷಮೆಯೂ ನ್ಯಾಯವೂ ಜೊತೆಗೆ ನಡೆಯಬಲ್ಲವು ಎಂದು ತೋರಿಸಿದವರು ಅಮೆರಿಕದ ರೇಚಲ್ ಡೆನ್‌ಹಾಲಂಡರ್. ಜಿಮ್ನಾಸ್ಟಿಕ್ಸ್ ವೈದ್ಯ ಲ್ಯಾರಿ ನಾಸರ್‌ನ ವಿರುದ್ಧ ತಮ್ಮ ಹೆಸರನ್ನು ಮುಂದಿಟ್ಟು ಮೊದಲು ಮಾತಾಡಿದವರು ಅವರು. 2018ರ ಜನವರಿಯಲ್ಲಿ ನ್ಯಾಯಾಲಯದಲ್ಲಿ ನಿಂತು ಅವನನ್ನು ಕ್ಷಮಿಸಿದ್ದೇನೆ ಎಂದರು, ಅದೇ ಉಸಿರಿನಲ್ಲಿ ಅವನಿಗೆ ಅತಿ ಹೆಚ್ಚಿನ ಶಿಕ್ಷೆ ಕೊಡಿ ಎಂದೂ ಕೇಳಿದರು. 40ರಿಂದ 175 ವರ್ಷದ ಶಿಕ್ಷೆಯಾಯಿತು. ಆ ಕ್ಷಮೆಯ ತುಣುಕನ್ನು ಲೋಕದ ಸಭೆಗಳೆಲ್ಲ ಹಂಚಿಕೊಂಡು ಕೊಂಡಾಡಿದವು. ಆದರೆ ಅದಕ್ಕೂ ಮೊದಲೇ, ಚರ್ಚುಗಳೊಳಗಿನ ದೌರ್ಜನ್ಯದ ಬಗ್ಗೆ ಅವರು ಬಾಯಿ ತೆರೆದಾಗ ತಮ್ಮದೇ ಸಭೆಯಲ್ಲಿ ಅವರಿಗೆ ಜಾಗವಿಲ್ಲದಂತಾಗಿತ್ತು. ಅವರ ಕ್ಷಮೆ ಬೇಕು, ಅವರ ಸಾಕ್ಷಿ ಬೇಡ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಲೀನ್ ವಿನೆಲ್ 2011ರಲ್ಲಿ ಈ ಬಗೆಯ ನೋವಿಗೆ ‘ಧಾರ್ಮಿಕ ಆಘಾತ’ದ ಹೆಸರು ಕೊಟ್ಟರು. ವೈದ್ಯಕೀಯ ಕೈಪಿಡಿಯಲ್ಲಿ ಅದು ಇನ್ನೂ ಪ್ರತ್ಯೇಕ ರೋಗವಾಗಿ ಸೇರಿಲ್ಲ. ಸೇರಲಿ ಬಿಡಲಿ, ಅದನ್ನು ಹೊತ್ತವರಿಗೆ ಅದು ಗೊತ್ತು. ಬೇರೆ ಆಘಾತಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದು: ಮನುಷ್ಯ ಕುಸಿದಾಗ ಯಾವುದನ್ನು ಹಿಡಿದುಕೊಂಡು ಏಳುತ್ತಾನೋ ಅದರೊಳಗೇ ಇಲ್ಲಿ ವಿಷ ಸೇರಿದೆ. ಅಕ್ಕನಿಗೆ ಹಾರ್ಮೋನಿಯಂ ದನಿ ಕೇಳಿದರೆ ಹೊಟ್ಟೆ ತೊಳಸುತ್ತದೆ. ಯಾರಾದರೂ ಆಶೀರ್ವದಿಸಲು ತಲೆಯ ಮೇಲೆ ಕೈಯಿಟ್ಟರೆ ಮೈ ಕಲ್ಲಾಗುತ್ತದೆ. ‘ತಂದೆ’ ಎಂಬ ಪದವನ್ನು ಈಗ ಪ್ರಾರ್ಥನೆಯಲ್ಲಿ ಹೇಳಲಾರಳು. ಇಂಥವಳಿಗೆ ‘ಹೆಚ್ಚು ಪ್ರಾರ್ಥಿಸು’ ಎಂಬ ಸಲಹೆ ಕೊಡುವುದು ಸುಟ್ಟ ಕೈಗೆ ಬೆಂಕಿ ಕಾಯಿಸಿಕೊ ಎಂದಂತೆ. ಮನೋವೈದ್ಯೆ ಜುಡಿತ್ ಹರ್ಮನ್ 1992ರ ತಮ್ಮ ಪುಸ್ತಕದಲ್ಲಿ ಆಘಾತದಿಂದ ಚೇತರಿಸಿಕೊಳ್ಳುವ ಹಂತಗಳನ್ನು ಹೇಳುವಾಗ ಮೊದಲು ಇಟ್ಟದ್ದು ಸುರಕ್ಷತೆಯನ್ನು. ನೆನಪಿಸಿಕೊಂಡು ಅಳುವುದು ಅದರ ನಂತರ. ಮತ್ತೆ ಜನರೊಡನೆ ಬೆರೆಯುವುದು ಕೊನೆಗೆ. ನಮ್ಮ ಹಿರಿಯರ ಕೂಟ ಕೊನೆಯದರಿಂದ ಶುರುಮಾಡಿತು.

‘ಹಾಗಾದರೆ ಈ ಧರ್ಮವನ್ನೇ ಬಿಟ್ಟುಬಿಡಲಿ, ಎಲ್ಲ ಸರಿಹೋಗುತ್ತದೆ’ ಎನ್ನುವವರೂ ಇದ್ದಾರೆ. ಬಿಟ್ಟು ನೆಮ್ಮದಿ ಕಂಡವರನ್ನು ನಾನು ಗೌರವಿಸುತ್ತೇನೆ. ಆದರೆ ಅದನ್ನು ಅಪ್ಪಣೆಯಂತೆ ಹೇಳುವುದೂ ಇನ್ನೊಂದು ಪೀಠದ ಪ್ರಸಂಗವೇ. ಅವಳಿಂದ ಒಮ್ಮೆ ಕಸಿದುಕೊಂಡದ್ದು ‘ನಾನೇ ನಿರ್ಧರಿಸುತ್ತೇನೆ’ ಎಂಬ ಹಕ್ಕು. ನಂಬುವುದಾದರೂ ಬಿಡುವುದಾದರೂ ಅದು ಅವಳಿಗೇ ಮರಳಬೇಕು.

ಕರ್ನಾಟಕದಲ್ಲಿ ಬಾಯಿ ಮುಚ್ಚಿಸಲು ಇನ್ನೊಂದು ಮಾತಿದೆ, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ‘ಹೊರಗಿನವರಿಗೆ ಗೊತ್ತಾದರೆ?’ 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಪ್ರಾರ್ಥನಾಲಯಗಳ ಮೇಲೆ ದಾಳಿ ನಡೆದಾಗ ಒಡೆದ ಗಾಜು ಗುಡಿಸಿದವರು ನಾವು. 2022ರಲ್ಲಿ ಮತಾಂತರ ನಿಷೇಧದ ಕಾಯಿದೆ ಬಂದಾಗ ಮನೆಯಲ್ಲಿ ನಾಲ್ಕು ಜನ ಕೂಡಿ ಪ್ರಾರ್ಥಿಸಲೂ ಅಂಜಿದವರು ನಾವು. ನಮ್ಮ ತಪ್ಪು ಹೊರಬಿದ್ದರೆ ಅದನ್ನು ಕೋಲು ಮಾಡಿಕೊಂಡು ಇಡೀ ಸಮುದಾಯವನ್ನು ಹೊಡೆಯುವವರಿದ್ದಾರೆ ಎಂಬ ಭಯ ಸುಳ್ಳಲ್ಲ. ಆ ಭಯದ ಬೆಲೆಯನ್ನು ತೆರುತ್ತಿರುವವರು ಯಾರು ಎಂದಷ್ಟೇ ಕೇಳುತ್ತೇನೆ. ಬಿಷಪ್ಪರು ತೆರುತ್ತಿಲ್ಲ, ಹಿರಿಯರು ತೆರುತ್ತಿಲ್ಲ. ಹದಿಮೂರು ವರ್ಷದವಳು ತೆರುತ್ತಿದ್ದಾಳೆ. ಸತ್ಯವೇದದಲ್ಲಿ, ಮಲ ಅಣ್ಣನ ಬಲಾತ್ಕಾರಕ್ಕೆ ಗುರಿಯಾದ ತನ್ನ ತಂಗಿ ತಾಮಾರಳಿಗೆ ಅಬ್ಷಾಲೋಮ ಹೇಳಿದ್ದೂ ಇದನ್ನೇ: ಅವನು ನಿನ್ನ ಅಣ್ಣನಲ್ಲವೇ, ಸುಮ್ಮನಿರು. ತಂದೆಯಾದ ದಾವೀದ ಸಿಟ್ಟಾದ, ಏನೂ ಮಾಡಲಿಲ್ಲ. ಆ ಮೌನ ಮನೆಯನ್ನು ಉಳಿಸಲಿಲ್ಲ. ಎರಡು ವರ್ಷಕ್ಕೆ ಒಬ್ಬ ಮಗ ಇನ್ನೊಬ್ಬನನ್ನು ಕೊಲ್ಲಿಸಿದ, ಆಮೇಲೆ ರಾಜ್ಯವೇ ಹೊತ್ತಿಕೊಂಡಿತು.

ನಮ್ಮ ನೆಲದ ಕಾನೂನು ಈ ವಿಷಯದಲ್ಲಿ ನಮ್ಮ ಸಭೆಗಳಿಗಿಂತ ಸ್ಪಷ್ಟವಾಗಿದೆ. 2012ರ ಪೋಕ್ಸೊ ಕಾಯಿದೆಯ 19ನೆಯ ಕಲಮಿನ ಪ್ರಕಾರ ಮಗುವಿನ ಮೇಲಿನ ಲೈಂಗಿಕ ಅಪರಾಧ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿರುವುದೇ ಅಪರಾಧ. ಹಿರಿಯರ ಕೂಟ, ಪ್ರಾರ್ಥನೆ, ರಾಜಿ ಯಾವುದೂ ಅದಕ್ಕೆ ಬದಲಿಯಲ್ಲ. ಆದರೂ ‘ಮೊದಲು ನಮ್ಮೊಳಗೆ ಮಾತಾಡೋಣ’ ಎಂಬುದು ಇಂದಿಗೂ ಸಭಾಪಾಲಕರ ಮನೆಯ ಜಗಲಿಯ ಮೊದಲ ಮಾತು.

‘ನಮ್ಮೊಳಗೆ’ ಎಂಬುದೇ ರೋಗದ ಮೂಲ. ಇಂಗ್ಲೆಂಡ್ ಅಷ್ಟೆಲ್ಲ ನಾಚಿಕೆಗೊಳಗಾದ ಮೇಲೂ ಏನು ಮಾಡಿತು ನೋಡಿ. ಅಲ್ಲಿನ ಸರ್ಕಾರಿ ವಿಚಾರಣಾ ಆಯೋಗ 2020ರಲ್ಲೇ ಲೆಕ್ಕ ಕೊಟ್ಟಿತ್ತು: 1940ರ ದಶಕದಿಂದ 2018ರವರೆಗೆ ಆ ಸಭೆಯ ಪಾದ್ರಿಗಳೂ ಹೊಣೆಯ ಸ್ಥಾನದಲ್ಲಿದ್ದವರೂ ಸೇರಿ 390 ಮಂದಿ ಮಕ್ಕಳ ಮೇಲಿನ ಲೈಂಗಿಕ ಅಪರಾಧಕ್ಕಾಗಿ ಶಿಕ್ಷೆಗೊಳಗಾಗಿದ್ದರು. 2025ರ ಫೆಬ್ರವರಿಯಲ್ಲಿ ಸಿನೊಡ್ ಎಂಬ ಅಲ್ಲಿನ ಆಡಳಿತ ಸಭೆ ಕೂಡಿದಾಗ ಎದುರಿಗಿದ್ದ ಪ್ರಶ್ನೆ, ರಕ್ಷಣೆಯ ಕೆಲಸವನ್ನು ಪೂರ್ತಿಯಾಗಿ ಸಭೆಯ ಕೈಯಿಂದ ತೆಗೆದು ಸ್ವತಂತ್ರ ಸಂಸ್ಥೆಗೆ ಒಪ್ಪಿಸುವುದೇ ಎಂದು. ಬದುಕುಳಿದವರಲ್ಲಿ ಬಹಳ ಮಂದಿ ಅದನ್ನೇ ಬೇಡಿದ್ದರು. ಸಿನೊಡ್ ಅರ್ಧ ದಾರಿ ನಡೆಯಿತು: ರಾಷ್ಟ್ರಮಟ್ಟದ ತಂಡ ಹೊರಗಿನ ಸಂಸ್ಥೆಗೆ ಹೋಗಲಿ, ಡಯಾಸಿಸ್‌ಗಳ ಸಿಬ್ಬಂದಿ ಸದ್ಯಕ್ಕೆ ಅಲ್ಲೇ ಇರಲಿ. ತಲೆ ಬಾಗಿಸುವುದು ಸುಲಭ, ಬೀಗದ ಕೈ ಬಿಟ್ಟುಕೊಡುವುದು ಕಷ್ಟ. ನಮ್ಮ ಡಯಾಸಿಸ್‌ಗಳು ಆ ಅರ್ಧ ದಾರಿಯನ್ನು ನೋಡಿ ಕಲಿಯಬಾರದು. ದೂರು ಕೇಳುವವರು ಬಿಷಪ್ಪರ ಸಂಬಳ ತಿನ್ನುವವರಾಗಬಾರದು. ವಕೀಲರು, ವೈದ್ಯರು, ಮಕ್ಕಳ ಕೆಲಸ ಬಲ್ಲವರು, ಕ್ರೈಸ್ತರಲ್ಲದವರೂ ಇರುವ ಸಮಿತಿ ಬೇಕು. ಚಿಕಿತ್ಸೆಯ ಖರ್ಚನ್ನು ಸಭೆ ಭರಿಸಬೇಕು, ಆದರೆ ಚಿಕಿತ್ಸಕರನ್ನು ಆರಿಸುವುದು ನೊಂದವರ ಇಷ್ಟ.

ಅಕ್ಕನಿಗೆ ಈಗ ಐವತ್ತರ ಹತ್ತಿರ. ಆರು ವರ್ಷ ಒಬ್ಬ ಆಪ್ತಸಮಾಲೋಚಕಿಯ ಬಳಿ ಹೋದಳು, ಕ್ರೈಸ್ತಳಲ್ಲದ ಹೆಂಗಸು. ಅಲ್ಲಿ ಯಾರೂ ಅವಳಿಗೆ ದೇವರನ್ನು ತಂದುಕೊಡಲೂ ಇಲ್ಲ, ಕಿತ್ತುಕೊಳ್ಳಲೂ ಇಲ್ಲ. ನಡುವೆ ಒಂದು ದಿನ ಸತ್ಯವೇದ ತೆರೆದು ಎಂಬತ್ತೆಂಟನೆಯ ಕೀರ್ತನೆ ಓದಿದಳಂತೆ. ಅಳುವ ಕೀರ್ತನೆಗಳೆಲ್ಲ ಸಾಮಾನ್ಯವಾಗಿ ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ. ಇದೊಂದು ತಿರುಗುವುದಿಲ್ಲ, ಕತ್ತಲಲ್ಲಿ ಶುರುವಾಗಿ ಕತ್ತಲಲ್ಲೇ ನಿಲ್ಲುತ್ತದೆ. ‘ಇದನ್ನು ಬರೆದವನನ್ನು ಯಾರೂ ಪುಸ್ತಕದಿಂದ ಹೊರಗೆ ಹಾಕಲಿಲ್ಲವಲ್ಲ’ ಎಂದಳು. ಅಲ್ಲಿಂದ ಅವಳು ಮತ್ತೆ ದೇವರೊಡನೆ ಮಾತಾಡತೊಡಗಿದಳು, ಹೆಚ್ಚಾಗಿ ಜಗಳ. ತೋಮನ ಕಥೆಯೂ ಅವಳಿಗೆ ಇಷ್ಟ. ನಾವು ಅವನನ್ನು ಸಂಶಯದವನೆಂದು ಬೈಯುತ್ತೇವೆ. ಅವಳು ಬೇರೆಯದನ್ನು ನೋಡುತ್ತಾಳೆ: ಸತ್ತು ಎದ್ದು ಬಂದವನ ಕೈಯಲ್ಲೂ ಪಕ್ಕೆಯಲ್ಲೂ ಗಾಯ ಹಾಗೇ ಇದ್ದವು, ಅವನು ಅವನ್ನು ಮುಚ್ಚಿಕೊಳ್ಳಲಿಲ್ಲ, ಮುಟ್ಟಿ ನೋಡು ಎಂದ.

ಅವಳು ನಮ್ಮ ಸಭೆಗೆ ಮರಳಿಲ್ಲ. ಮರಳಬೇಕೆಂದು ನಾನು ಕೇಳುವುದೂ ಇಲ್ಲ. ಕಳೆದ ವರ್ಷ ಹೊಸ ಸಭಾಪಾಲಕರು ಮನೆಗೆ ಬಂದು, ಒಳ್ಳೆಯ ಮನಸ್ಸಿನಿಂದಲೇ, ‘ಅಮ್ಮಾ, ನಿಮಗಾಗಿ ಏನು ಮಾಡಲಿ’ ಎಂದು ಕೇಳಿದರು. ಹಿರಿಯರು ಕೂಡಿದ ಆ ದಿನದ ಮಿನಿಟ್ ಪುಸ್ತಕದ ಪುಟವನ್ನು ಭಾನುವಾರ ಎಲ್ಲರ ಎದುರು ಓದಿ ಎಂದಳು. ತನ್ನ ಹೆಸರು ಬೇಡ, ಏನು ತೀರ್ಮಾನವಾಯಿತು, ಯಾರು ಸಹಿ ಹಾಕಿದರು ಅಷ್ಟು ಸಾಕು ಎಂದಳು. ಕಮಿಟಿಯಲ್ಲಿ ಕೇಳಿ ಹೇಳುತ್ತೇನೆ ಎಂದು ಅವರು ಎದ್ದರು. ಆ ಪುಸ್ತಕ ವೆಸ್ಟ್ರಿಯ ಬೀರುವಿನಲ್ಲಿದೆ. ಬೀಗದ ಕೈ ಕಮಿಟಿಯ ಬಳಿ ಇದೆ.