ಮಂದ ಆಂದೋಲಕವೂ ನಮ್ಮ ಗಮಕವೂ

ಗಜೇಂದ್ರಗಡದ ಗುಡ್ಡಗಳ ಮೇಲೆ ನಿಂತಿರುವ ಗಾಳಿಯಂತ್ರಗಳನ್ನು ರಾಜೂರ, ರೋಣಗಳ ಕಡೆಯವರೆಲ್ಲ ಬಲ್ಲರು. ಗಾಳಿ ಚೆನ್ನಾಗಿ ಬೀಸುವ ದಿನ ಅವುಗಳಲ್ಲೊಂದರ ಬುಡದಲ್ಲಿ ನಿಂತು ಕಿವಿಗೊಟ್ಟರೆ, ಕೇಳಿಬರುವುದು ಒಂದೇ ಸಮನಾದ ಸುಯ್ಯೆಂಬ ಶಬ್ದವಲ್ಲ. ಅದು ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಮೂರು ರೆಕ್ಕೆಗಳ ಚಕ್ರ ನಿಮಿಷಕ್ಕೆ 15 ಸುತ್ತು ತಿರುಗುತ್ತಿದ್ದರೆ ಈ ಏರಿಳಿತ ನಿಮಿಷಕ್ಕೆ 45 ಬಾರಿ, ಎಂದರೆ ನಾಲ್ಕು ಸೆಕೆಂಡಿಗೆ ಮೂರು ಬಾರಿ ಆಗುವುದು. ಇಷ್ಟು ನಿಧಾನವಾದ ಕಂಪನ ತಾನಾಗಿ ಕಿವಿಗೆ ಕೇಳಿಸಲಾರದು. ಸೆಕೆಂಡಿಗೆ ಸುಮಾರು 20 ಕಂಪನಗಳಾದರೂ ಇಲ್ಲದೆ ಮನುಷ್ಯನ ಕಿವಿ ಅದನ್ನು ಸ್ವರವೆಂದು ಗ್ರಹಿಸುವುದಿಲ್ಲ. ಆದರೆ ಕೇಳಿಸುವ ಇನ್ನೊಂದು ಶಬ್ದದ ಮೇಲೆ ಸವಾರಿಮಾಡಿ ಅದನ್ನು ತೂಗಿಸುವ ಶಕ್ತಿ ಅದಕ್ಕುಂಟು.

ಗಣಕಯಂತ್ರದೊಳಗೆ ತಂತ್ರಾಂಶರೂಪದಲ್ಲಿರುವ ಸಿಂಥಸೈಜರುಗಳಲ್ಲಿ ಎಲ್.ಎಫ್.ಓ. ಎಂದು ಕರೆಯಲ್ಪಡುವ ಮಂದ ಆಂದೋಲಕದ ಕೆಲಸ ಇದೇ. ಅದರ ಮುಖ್ಯ ತಿರುಪುಗಳು ಎರಡು: ವೇಗಕ್ಕೊಂದು, ಆಳಕ್ಕೊಂದು. 440 ಕಂಪನಗಳ ಸ್ವರವನ್ನು ಸೆಕೆಂಡಿಗೆ 6 ಬಾರಿ 430ರಿಂದ 450ರವರೆಗೆ ತೂಗಿಸಿದರೆ ಕಂಠದ ನಡುಕದಂಥ ಪರಿಣಾಮ ದೊರೆಯುತ್ತದೆ. ಶ್ರುತಿಯನ್ನು ಬಿಟ್ಟು ಗಟ್ಟಿತನವನ್ನು ತೂಗಿಸಿದರೆ ನಾದ ಮಿಡಿಯುತ್ತದೆ. ಶೋಧಕದ ಅಂಚನ್ನು ತೂಗಿಸಿದರೆ ಬಾಯಿ ತೆರೆದು ಮುಚ್ಚಿದಂತೆ ನಾದದ ಬಣ್ಣ ಬದಲಾಗುತ್ತದೆ. ಇದರಲ್ಲಿ ನಮಗೆ ತೀರ ಅಪರಿಚಿತವಾದುದೇನೂ ಇಲ್ಲ. ಭಜನೆಯ ಹಾರ್ಮೋನಿಯಂನಲ್ಲಿ ಕೂಡಿ ನುಡಿಯುವ ಎರಡು ರೀಡುಗಳ ಪೈಕಿ ಒಂದು 440, ಇನ್ನೊಂದು 444 ಆಗಿದ್ದರೆ, ನಾದ ಸೆಕೆಂಡಿಗೆ 4 ಬಾರಿ ಅಲೆಯಾಡುವುದನ್ನು ಯಾರು ಕೇಳಿಲ್ಲ?

ಇಷ್ಟರವರೆಗೆ ಜಗಳವಿಲ್ಲ. ಆದರೆ ಈ ತಿರುಪನ್ನು ತಿರುಗಿಸಿದರೆ ಗಮಕವೇ ಸಿದ್ಧವಾಯಿತೆಂಬ ನಂಬಿಕೆಯೊಂದು ಈಚೆಗೆ ಬೆಳೆಯುತ್ತಿದೆ. ಹಿಂದುಸ್ತಾನಿ ಛಾಯೆ ಬೇಕೆಂದರೆ ಸ್ವರವನ್ನು ಕೊಂಚ ಅಲ್ಲಾಡಿಸಿದರೆ ಸಾಕಂತೆ! ಭೀಮಸೇನ ಜೋಶಿಯವರು 1922ರಲ್ಲಿ ಹುಟ್ಟಿದ ರೋಣದ ಆಸುಪಾಸಿನಲ್ಲಿ ನಿಂತು ಈ ಮಾತನ್ನು ಒಪ್ಪುವುದು ನನಗೆ ಕಷ್ಟ. ದರ್ಬಾರಿ ಕಾನಡಾದ ಕೋಮಲ ಗಾಂಧಾರವನ್ನು ನೆನೆಯಿರಿ. ಅದು ರಿಷಭದ ಕಡೆಗೆ ವಾಲುತ್ತ ನಿಧಾನವಾಗಿ ತೂಗುತ್ತದೆ. ಒಂದು ತೂಗಿನ ಅಗಲ ಮುಂದಿನದಕ್ಕಿಲ್ಲ, ಒಂದರ ಕಾಲ ಇನ್ನೊಂದಕ್ಕಿಲ್ಲ. ಯಂತ್ರದ ಆಂದೋಲಕವಾದರೋ, ಅದನ್ನು ಹಾಗೆಯೇ ಬಿಟ್ಟರೆ, ನಡುವಣ ಬಿಂದುವಿನ ಎರಡು ಪಕ್ಕಕ್ಕೂ ಸಮನಾಗಿ ತೂಗುತ್ತದೆ. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಸ್ವರ ಎಲ್ಲಿಂದ ಬಂದಿತು, ಎಲ್ಲಿಗೆ ಹೊರಟಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಗಾಯಕನ ಗಮಕವೆಲ್ಲ ಆ ಬರುವ ಹೋಗುವ ದಾರಿಯಲ್ಲಿಯೇ ಇದೆ.

ಹಾಗೆಂದು ಯಂತ್ರವನ್ನು ಹೊರಗೆ ಹಾಕಬೇಕೆಂದು ನಾನು ಹೇಳುತ್ತಿಲ್ಲ. ಅಂಥ ಅವಸರದ ತೀರ್ಮಾನವನ್ನು ನಾವು ಒಮ್ಮೆ ಕಂಡಿದ್ದೇವೆ. ಮೀಂಡು, ಗಮಕಗಳು ಒಲಿಯವೆಂಬ ಆಕ್ಷೇಪದ ಮೇಲೆ 1940ರಲ್ಲಿ ಅಖಿಲ ಭಾರತ ರೇಡಿಯೋ ಹಾರ್ಮೋನಿಯಂ ಅನ್ನು ಬಹಿಷ್ಕರಿಸಿತು. 1971ರವರೆಗೆ ಆ ನಿಷೇಧ ಸಡಿಲಲಿಲ್ಲ. ಆಕ್ಷೇಪದಲ್ಲಿ ಸತ್ಯವಿದ್ದಿತು, ನಿಜ. ಆದರೆ ಅದೇ ಕಾಲದಲ್ಲಿ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳಂಥವರ ಕೈಯಲ್ಲಿ ಅದೇ ಪೆಟ್ಟಿಗೆ ಸಂಗೀತವನ್ನೇ ನುಡಿಯುತ್ತಿತ್ತು. ವಾದ್ಯದ ಮಿತಿಯನ್ನು ಬಲ್ಲವನಿಗೆ ಅದು ಒಲಿಯುತ್ತದೆ, ಬಲ್ಲದವನಿಗೆ ಮೋಸಮಾಡುತ್ತದೆ.

ಆದುದರಿಂದ ಸರ್ಜ್‌ನಂಥ ಉಚಿತ ತಂತ್ರಾಂಶವನ್ನು ಮನೆಯ ಗಣಕದಲ್ಲಿ ತೆರೆದು ಕುಳಿತ ತರುಣರಿಗೆ ನನ್ನ ಸೂಚನೆ ಇಷ್ಟೆ. ಆಂದೋಲಕವನ್ನು ಅದರ ಪಾಡಿಗೆ ಓಡಲು ಬಿಡಬೇಡಿ. ಸ್ವರ ಹುಟ್ಟಿ ಕ್ಷಣಕಾಲ ನೆಟ್ಟಗೆ ನಿಂತ ಮೇಲೆ ತೂಗು ಆರಂಭವಾಗುವಂತೆ ಅದನ್ನು ತಡಮಾಡಿ. ಆಳದ ತಿರುಪನ್ನು ಕೀಲಿಮಣೆಯ ಪಕ್ಕದ ಚಕ್ರಕ್ಕೆ ಜೋಡಿಸಿ, ಕೈ ಹೇಳಿದಷ್ಟೇ ತೂಗಲಿ. ಎರಡನೆಯ ಆಂದೋಲಕವೊಂದರಿಂದ ಮೊದಲನೆಯದರ ವೇಗವನ್ನು ಬದಲಿಸುತ್ತಿದ್ದರೆ ಯಾಂತ್ರಿಕತೆ ಕೊಂಚ ಕಡಮೆಯಾಗುವುದು. ದರ್ಬಾರಿಯ ಗಾಂಧಾರಕ್ಕೆ ಮಾತ್ರ ಇದಾವುದೂ ಸಾಲದು. ಶ್ರುತಿಯ ಚಕ್ರವನ್ನು ಹಿಡಿದು, ಹಾಡನ್ನು ಹತ್ತಾರು ಬಾರಿ ಕೇಳಿ, ಕೈಯಿಂದಲೇ ಎಳೆಯಬೇಕು.

ಪ್ರೌಢಶಾಲೆಯ ಉಪಾಧ್ಯಾಯರಿಗೂ ಒಂದು ಮಾತು. ಲೋಲಕದ ಪಾಠವನ್ನು ಕಪ್ಪುಹಲಗೆಯ ಮೇಲೆ ಮುಗಿಸುವುದಕ್ಕಿಂತ ಈ ಆಂದೋಲಕವನ್ನು ಕೇಳಿಸುವುದು ಮೇಲು. ಶ್ರುತಿಯ ತೂಗನ್ನು ಸೆಕೆಂಡಿಗೆ ಒಂದರಿಂದ ಆರಂಭಿಸಿ ಮೆಲ್ಲಗೆ ವೇಗ ಹೆಚ್ಚಿಸುತ್ತ ಹೋಗಲಿ. ಆರೇಳರ ಹೊತ್ತಿಗೆ ನಡುಕ. ಇಪ್ಪತ್ತನ್ನು ದಾಟುತ್ತಲೇ ತೂಗು ತೂಗಾಗಿ ಉಳಿಯದೆ ಸ್ವರದ ಬಣ್ಣವಾಗಿ ಕರಗಿಹೋಗುತ್ತದೆ, ಗಂಟೆಯಂಥ ಹೊಸ ನಾದಗಳು ಏಳುತ್ತವೆ. 1967ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜಾನ್ ಚೌನಿಂಗ್ ಎಂಬ ಸಂಗೀತಗಾರರು ಹೀಗೆಯೇ ಸ್ವರದ ನಡುಕವನ್ನು ಮಿತಿಮೀರಿ ಹೆಚ್ಚಿಸುತ್ತ ಹೋಗಿ ಒಂದು ಹೊಸ ನಾದರಚನಾ ವಿಧಾನವನ್ನೇ ಕಂಡುಹಿಡಿದರು; 1983ರಲ್ಲಿ ಬಂದ ಯಮಾಹಾ ಡಿಎಕ್ಸ್7 ವಾದ್ಯ ನಿಂತಿರುವುದು ಅದರ ಮೇಲೆಯೇ. ರಾಜೂರದ ಹುಡುಗನೊಬ್ಬ ಅದೇ ಪ್ರಯೋಗವನ್ನು ಒಂದು ಸಂಜೆಯಲ್ಲಿ ತಾನೇ ಮಾಡಿ ನೋಡಬಹುದು.