ಕಂಪ್ಯೂಟರ್ ಕೋಣೆಯ ಬೀಗದ ಕೈ



ಕಳೆದ ತಿಂಗಳು ಇದೇ ಗೋಡೆ ಪತ್ರಿಕೆಯಲ್ಲಿ ಒಂಬತ್ತನೇ ತರಗತಿಯವರು ತಂತ್ರಜ್ಞಾನದ ಬಗ್ಗೆ ಒಂದು ಲೇಖನ ಬರೆದಿದ್ದರು. ಕಂಪ್ಯೂಟರ್ ಎಂದರೆ ಕಲ್ಪವೃಕ್ಷ, ಕೇಳಿದ್ದೆಲ್ಲ ಕೊಡುತ್ತದೆ ಎಂದು ಅದರಲ್ಲಿತ್ತು. ಅಕ್ಷರ ದುಂಡಗಿತ್ತು, ಬಣ್ಣದ ಪೆನ್ಸಿಲ್ಲಿನಲ್ಲಿ ಚಿತ್ರವೂ ಇತ್ತು. ಓದಿ ಸಂತೋಷಪಟ್ಟೆ. ಆದರೆ ಆ ಲೇಖನ ಅಂಟಿಸಿದ್ದ ಜಾಗದಿಂದ ಎಡಕ್ಕೆ ಹತ್ತು ಹೆಜ್ಜೆ ನಡೆದರೆ ನಮ್ಮ ಕಂಪ್ಯೂಟರ್ ಕೋಣೆ. ಅದಕ್ಕೆ ಬೀಗ. ಕಲ್ಪವೃಕ್ಷಕ್ಕೇ ಬೀಗ ಹಾಕಿದ ಮೇಲೆ ಕೇಳೋದು ಯಾರನ್ನ?

ಕಿಟಕಿಯಿಂದ ಇಣುಕಿ ನೋಡದವರು ನಮ್ಮಲ್ಲಿ ಯಾರೂ ಇಲ್ಲ ಅಂದುಕೊಂಡಿದ್ದೇನೆ. ಒಳಗೆ ಆರು ಕಂಪ್ಯೂಟರ್, ಆರಕ್ಕೂ ಬಟ್ಟೆ ಹೊದಿಸಿದೆ. ಎಂಟನೇ ತರಗತಿಗೆ ಸೇರಿದಾಗಿನಿಂದ ನಾನು ಆ ಕೋಣೆಗೆ ಹೋಗಿರುವುದು ನಾಲ್ಕು ಸಲ. ಅದರಲ್ಲಿ ಒಂದು ಸಲ ಕಸ ಗುಡಿಸಲು. ವೇಳಾಪಟ್ಟಿಯಲ್ಲಿ ಕಂಪ್ಯೂಟರ್ ಪೀರಿಯಡ್ ಇದೆ, ಇಲ್ಲವೆಂದಲ್ಲ. ಹತ್ತನೇ ತರಗತಿ ಅಂದ ತಕ್ಷಣ ಅದು ಗಣಿತಕ್ಕೋ ಇಂಗ್ಲಿಷಿಗೋ ಹೋಗುತ್ತದೆ. ಫಲಿತಾಂಶ ಬರಬೇಕಲ್ಲ. ಆ ಕಷ್ಟ ನಮಗೂ ಅರ್ಥವಾಗುತ್ತದೆ.

ತಂತ್ರಜ್ಞಾನವೆಲ್ಲ ಒಳ್ಳೆಯದೇ ಎಂದು ನಾನು ಹೇಳಲು ಹೊರಟಿಲ್ಲ. ಜೂನ್ ತಿಂಗಳಲ್ಲಿ ನಮ್ಮ ತರಗತಿಯ ದೊಡ್ಡ ಟಿವಿಯಲ್ಲಿ ವಿಜ್ಞಾನದ ಮೊದಲ ಪಾಠ ನೋಡಿದೆವು. ಮೆಗ್ನೀಸಿಯಂ ಪಟ್ಟಿ ಉರಿಯುವುದನ್ನು ತೋರಿಸಿದರು. ಕಣ್ಣು ಕುಕ್ಕುವ ಬಿಳಿ ಬೆಳಕು ಬಂತು, ಹೋಯಿತು, ಎಲ್ಲರೂ ‘ಓ’ ಎಂದೆವು. ಒಂದೂವರೆ ನಿಮಿಷದಲ್ಲಿ ಪ್ರಯೋಗ ಮುಗಿಯಿತು. ಮರುವಾರ ನಾವೇ ಗಲಾಟೆ ಮಾಡಿ ಕೇಳಿದ್ದಕ್ಕೆ ಮೇಷ್ಟ್ರು ಬೀರು ತೆಗೆದು ನಿಜವಾದ ಪಟ್ಟಿಯನ್ನೇ ತಂದರು. ಇಕ್ಕಳದಲ್ಲಿ ಹಿಡಿದು ಉರಿಗೆ ಒಡ್ಡಿದರೆ ಅದು ಹೊತ್ತಿಕೊಳ್ಳಲೇ ಇಲ್ಲ! ಹಿಂದಿನ ಬೆಂಚಿನವರು ನಕ್ಕರು. ಮೇಷ್ಟ್ರು ಮಾತ್ರ ನಗದೆ ‘ಯಾಕೆ ಹತ್ತಲಿಲ್ಲ ಹೇಳಿ’ ಅಂದರು. ಆಗ ಗೊತ್ತಾಯಿತು, ಪಟ್ಟಿ ಗಾಳಿಯಲ್ಲೇ ಇದ್ದೂ ಇದ್ದೂ ಅದರ ಮೇಲೆ ಆಕ್ಸೈಡಿನ ಪೊರೆ ಕೂತಿರುತ್ತದೆ. ಉಪ್ಪುಕಾಗದದಿಂದ ತಿಕ್ಕಿ ಹೊಳಪು ಬಂದ ಮೇಲೆ ಹೊತ್ತಿಸಿದರೆ ಹತ್ತಿತು. ಉಳಿದ ಬಿಳಿ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕಲಕಿ ಕೆಂಪು ಲಿಟ್ಮಸ್ ಕಾಗದ ಅದ್ದಿದೆವು, ನೀಲಿಗೆ ತಿರುಗಿತು. ವಿಡಿಯೋದಲ್ಲೂ ಪಟ್ಟಿಯನ್ನು ತಿಕ್ಕಿದ್ದರು, ನಾವು ನೋಡಿದ್ದೆವು ಕೂಡ. ಆದರೆ ಯಾಕೆ ತಿಕ್ಕಿದರು ಎಂದು ಒಬ್ಬರೂ ಕೇಳಿರಲಿಲ್ಲ. ವಿಡಿಯೋದಲ್ಲಿ ಪ್ರಯೋಗ ಎಂದೂ ಕೆಡುವುದಿಲ್ಲ, ಅದೇ ಅದರ ದೋಷ.

ಆದ್ದರಿಂದ ಮೇಜಿನ ಮೇಲೆ ಮಾಡಿ ತೋರಿಸಬಹುದಾದದ್ದನ್ನು ಪರದೆಯ ಮೇಲೆ ತೋರಿಸಿ ಮುಗಿಸಬಾರದು ಎಂಬುದು ನನ್ನ ಅಭಿಪ್ರಾಯ. ಟಿವಿ ಬಂದ ಮೇಲೆ ಪ್ರಯೋಗದ ಬೀರುವಿನ ಬಾಗಿಲು ತೆರೆಯುವುದು ಕಡಿಮೆಯಾಗಿದೆ. ಹೀಗೆ ಬರೆದೆನೆಂದು ವಿಜ್ಞಾನ ಮೇಷ್ಟ್ರು ಬೇಜಾರು ಮಾಡಿಕೊಳ್ಳಬಾರದು.

ಹಾಗಂತ ಮೇಜಿನ ಮೇಲೆ ಮಾಡಲಾಗದ್ದು ಎಷ್ಟೋ ಇದೆ. ಹೃದಯದ ನಾಲ್ಕು ಕೋಣೆಗಳ ಚಿತ್ರವನ್ನು ನಾನು ಹತ್ತು ಸಲ ಬರೆದಿರಬಹುದು. ರಕ್ತ ಒಂದು ಸುತ್ತಿನಲ್ಲಿ ಎರಡು ಸಲ ಹೃದಯದ ಮೂಲಕ ಹೋಗುತ್ತದೆ ಎಂಬುದು ತಲೆಗೆ ಹತ್ತಿದ್ದು ಮಾತ್ರ ಕವಾಟ ತೆರೆದು ಮುಚ್ಚುವುದನ್ನು ಪರದೆಯಲ್ಲಿ ನೋಡಿದ ದಿನ. ಗಣಿತದ ಮೇಡಂ ಒಂದು ದಿನ ಜಿಯೋಜೀಬ್ರಾ ಎಂಬ ತಂತ್ರಾಂಶ ತೋರಿಸಿದರು. ಆಸ್ಟ್ರಿಯಾ ದೇಶದ ಮಾರ್ಕುಸ್ ಹೋಹೆನ್ವಾರ್ಟರ್ ಎಂಬುವರು 2001ರಲ್ಲಿ, ಇನ್ನೂ ಓದುತ್ತಿದ್ದಾಗಲೇ, ಅದನ್ನು ಶುರುಮಾಡಿದರಂತೆ. ನಮ್ಮಂಥ ಶಾಲೆಗಳಿಗೆ ಕಾಸು ಬೇಡ. ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ಟೂ ಬೇಡ. ಅರ್ಧವೃತ್ತದ ಮೇಲೆ ಒಂದು ಬಿಂದು ಇಟ್ಟು ವ್ಯಾಸದ ಎರಡು ತುದಿಗೆ ಗೆರೆ ಎಳೆದರು. ಆ ಬಿಂದುವನ್ನು ಎಲ್ಲಿಗೆ ಎಳೆದರೂ ಕೋನ 90 ಡಿಗ್ರಿಯೇ. ನಮ್ಮಲ್ಲಿ ಒಬ್ಬಳು ಎದ್ದು ಹೋಗಿ ಬಿಂದುವನ್ನು ತೀರಾ ಮೂಲೆಗೆ ಎಳೆದು ನೋಡಿದಳು, ಈಗಲಾದರೂ ತಪ್ಪುತ್ತದೇನೋ ಅಂತ. ತಪ್ಪಲಿಲ್ಲ. ಆಮೇಲೆ ‘ಯಾಕೆ ಮೇಡಂ?’ ಎಂದು ಅವಳೇ ಕೇಳಿದಳು. ಅಲ್ಲಿಂದ ಸಾಧನೆ ಶುರುವಾಯಿತು. ಪ್ರಮೇಯವನ್ನು ನಾವಾಗಿ ಕೇಳಿ ಹೇಳಿಸಿಕೊಂಡದ್ದು ಅದೊಂದೇ ಸಲ. ಎಳೆಯಲು ಅವಳ ಕೈಗೆ ಮೌಸ್ ಸಿಕ್ಕಿತ್ತು ಎಂಬುದನ್ನು ಮರೆಯಬೇಡಿ.

ಉಪಕರಣ ಬಂದರೆ ಸಾಕು, ಪಾಠ ತಾನಾಗಿಯೇ ಬರುತ್ತದೆ ಎಂಬ ನಂಬಿಕೆ ಇವತ್ತಿನದಲ್ಲ. 1975-76ರಲ್ಲಿ ಒಂದು ವರ್ಷ ಅಮೆರಿಕದ ಉಪಗ್ರಹದ ಮೂಲಕ ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಪಾಠ ಬಂದಿತ್ತು, ಅದರಲ್ಲಿ ಕರ್ನಾಟಕವೂ ಇತ್ತು. ಆಮೇಲೆ 2004ರ ಸೆಪ್ಟೆಂಬರ್ 20ರಂದು ನಮ್ಮ ಇಸ್ರೋದವರೇ ಶಿಕ್ಷಣಕ್ಕೆಂದೇ ‘ಎಜುಸ್ಯಾಟ್’ ಉಪಗ್ರಹ ಹಾರಿಸಿದರು. ಅದರ ಪಾಠಗಳು ನಮ್ಮ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೂ ಬಂದವು. ಇದು ಎಷ್ಟು ಜನಕ್ಕೆ ಗೊತ್ತು? ನಮ್ಮ ಚಿಕ್ಕಪ್ಪ ಆಗ ಪ್ರಾಥಮಿಕ ಶಾಲೆಯಲ್ಲಿ ಓದುತ್ತಿದ್ದವರು. ಕೇಳಿದರೆ ನಗುತ್ತಾರೆ. ‘ಟಿವಿ ಇತ್ತು ಕಣಮ್ಮಿ, ಮ್ಯಾಲೆ ಛತ್ರಿ ಅಂಗೆ ಡಿಶ್ಶೂ ಇತ್ತು. ಪಾಠ ಬರೋ ಹೊತ್ಗೆ ಕರೆಂಟ್ ಇರ್ತಿರ್ಲಿಲ್ಲ, ಕರೆಂಟ್ ಬಂದಾಗ ಪಾಠ ಮುಗ್ದೋಗಿರೋದು. ಆದ್ರೆ ನೋಡಿದ್ದು ಇವತ್ಗೂ ಗೆಪ್ತಿ ಅದೆ’ ಎನ್ನುತ್ತಾರೆ. 2010ರಲ್ಲಿ ಆ ಉಪಗ್ರಹದ ಕೆಲಸ ಮುಗಿಯಿತು. ಉಪಗ್ರಹ ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದಲ್ಲಿ ಸರಿಯಾಗಿಯೇ ಇತ್ತು. ಕೆಟ್ಟದ್ದು ಕೆಳಗೆ, ಕರೆಂಟು ಕಂಬದ ಹತ್ತಿರ!

2020ರ ವರ್ಷ ನಮಗೆಲ್ಲ ನೆನಪಿದೆ. ಕೊರೊನಾ ಬಂದು ಶಾಲೆ ಮುಚ್ಚಿತು. ನಾನಾಗ ಐದನೇ ತರಗತಿ, ಅಣ್ಣ ಒಂಬತ್ತು. ಚಂದನ ವಾಹಿನಿಯಲ್ಲಿ ಹೈಸ್ಕೂಲಿನವರಿಗೆ ‘ಸಂವೇದ’ ಪಾಠ ಬರುತ್ತಿತ್ತು. ಮನೆಯಲ್ಲಿದ್ದದ್ದು ಒಂದೇ ಫೋನು, ಅದು ಅಣ್ಣನ ಕೈಗೆ ಹೋಯಿತು. ‘ಅವನು ದೊಡ್ಡ ಕ್ಲಾಸು’ ಎಂದರು, ಸರಿ. ಮುಂದೆ ನಾನು ಒಂಬತ್ತಕ್ಕೆ ಬಂದಾಗ ಕೇಳಿದೆ. ‘ಹೆಣ್ಣುಮಕ್ಕಳಿಗ್ಯಾಕೆ ಫೋನು’ ಎಂದರು. ಆಗ ದೊಡ್ಡ ಕ್ಲಾಸಿನ ಮಾತು ಬರಲಿಲ್ಲ. ಇದನ್ನು ಮನೆಯವರ ಮೇಲೆ ದೂರು ಹೇಳಲು ಬರೆಯುತ್ತಿಲ್ಲ, ನಮ್ಮ ತರಗತಿಯ ಹುಡುಗಿಯರಲ್ಲಿ ಹೆಚ್ಚು ಕಮ್ಮಿ ಎಲ್ಲರದೂ ಇದೇ ಕಥೆ. ಗ್ರಂಥಾಲಯದಲ್ಲಿ ಓದಿದ ಒಂದು ಲೆಕ್ಕ ಹೇಳುತ್ತೇನೆ. 2023ರ ‘ಅಸರ್’ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳ 14ರಿಂದ 18 ವರ್ಷದವರಲ್ಲಿ, ಸ್ಮಾರ್ಟ್‌ಫೋನ್ ಬಳಸಲು ಬಲ್ಲವರ ಪೈಕಿ, ಸ್ವಂತ ಫೋನ್ ಇರುವುದು ಹುಡುಗರಲ್ಲಿ ಶೇಕಡ 43.7, ಹುಡುಗಿಯರಲ್ಲಿ ಶೇಕಡ 19.8.

ಈಗ ನಮ್ಮ ಪಠ್ಯಪುಸ್ತಕ ತೆರೆದು ನೋಡಿ. ಪಾಠದ ಪಕ್ಕದಲ್ಲಿ ಚೌಕಾಕಾರದ ಕಪ್ಪು ಬಿಳುಪು ಗುರುತು ಇರುತ್ತದೆ, ಅದೇ ಕ್ಯೂಆರ್ ಕೋಡ್. ಅದಕ್ಕೆ ಫೋನ್ ಹಿಡಿದರೆ ‘ದೀಕ್ಷಾ’ದ ಪಾಠ ಬರುತ್ತದೆ. ಪುಸ್ತಕ ಇಬ್ಬರಿಗೂ ಒಂದೇ. ಆ ಚೌಕ ಮಾತ್ರ ಹುಡುಗರ ಪುಸ್ತಕದಲ್ಲಿ ಬಾಗಿಲು, ನಮ್ಮ ಪುಸ್ತಕದಲ್ಲಿ ಬರೀ ಚಿತ್ರ. ಹುಡುಗರು ಬೇಕಾದರೆ ಪೇಟೆಗೆ ಹೋಗಿ ಸೈಬರ್ ಅಂಗಡಿಯಲ್ಲಿ ಕೂರುತ್ತಾರೆ, ಸಂಜೆ ಆರಕ್ಕೆ ನಮ್ಮನ್ನು ಯಾರು ಬಿಡುತ್ತಾರೆ? ಇಡೀ ಊರಿನಲ್ಲಿ ನಾವು ಧೈರ್ಯವಾಗಿ ಒಂದು ಕೀಬೋರ್ಡ್ ಮುಟ್ಟಬಹುದಾದ ಜಾಗ ಎಂದರೆ ಈ ಬೀಗ ಹಾಕಿದ ಕೋಣೆ ಒಂದೇ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಬೀಗ ಯಾಕೆ ಎಂದು ಹೋದ ವಾರ ಕಚೇರಿಯಲ್ಲಿ ಕೇಳಿದೆ. ಬೈಸಿಕೊಳ್ಳುವ ಭಯ ಇತ್ತು, ಬೈಯಲಿಲ್ಲ. ದಾಸ್ತಾನು ಪುಸ್ತಕ ತೋರಿಸಿದರು. ಅದರಲ್ಲಿ ಮೌಸ್ ಸಮೇತ ಪ್ರತಿಯೊಂದಕ್ಕೂ ನಂಬರ್ ಇದೆ. ‘ಒಂದು ಕೆಟ್ಟರೆ ತನಿಖೆಗೆ ಬಂದವರು ನನ್ನ ಕೇಳ್ತಾರೆ. ಹಾಗೇ ಇಟ್ಟಿದ್ದರೆ ಯಾರೂ ಕೇಳಲ್ಲ’ ಎಂದರು ಮುಖ್ಯೋಪಾಧ್ಯಾಯರು. ನಿಜವೇ. ಬಳಸಿ ಕೆಡಿಸಿದರೆ ತಪ್ಪು, ಬಳಸದೆ ಹಳೆಯದಾದರೆ ತಪ್ಪಿಲ್ಲ ಎಂಬ ಲೆಕ್ಕ ಎಲ್ಲಿಂದ ಬಂತೋ ಕಾಣೆ. ಇಟ್ಟಲ್ಲೇ ಇಟ್ಟರೂ ಅವು ಕೆಡುತ್ತವೆ. ಯುಪಿಎಸ್ಸಿನ ಬ್ಯಾಟರಿ ಚಾರ್ಜ್ ಇಲ್ಲದೆ ಕೂತರೆ ಸಾಯುತ್ತದೆ. ಒಂದು ಕಂಪ್ಯೂಟರಿನ ಒಳಗೆ ಇಲಿ ತಂತಿ ಕಡಿದಿರುವುದು ಕಸ ಗುಡಿಸುವಾಗ ನಾವೇ ನೋಡಿದ್ದು.

ಆದ್ದರಿಂದ ನಮ್ಮ ಕೋರಿಕೆ ಇಷ್ಟು. ಎಸ್ಸೆಸ್ಸೆಲ್ಸಿ ಪೀರಿಯಡ್ ಯಾವುದನ್ನೂ ಮುಟ್ಟಬೇಡಿ. ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಒಂದು ಗಂಟೆ ಕೋಣೆ ತೆರೆಯಿರಿ. ಒಂದು ಕಂಪ್ಯೂಟರಿಗೆ ಮೂವರು, ಇಲಿ ಕಡಿದದ್ದು ಬಿಟ್ಟರೆ ಐದಕ್ಕೆ ಹದಿನೈದು ಜನ. ಒಂದು ವಾರ ಹುಡುಗಿಯರು, ಒಂದು ವಾರ ಹುಡುಗರು. (ಹುಡುಗರು ಮೊದಲು ತಾವು ಎನ್ನುತ್ತಾರೆ, ಬೇಡ, ಈ ಸಲ ನಾವು.) ಯಾರು ಯಾವ ನಂಬರಿನಲ್ಲಿ ಕೂತರು, ಬರುವಾಗ ಹೇಗಿತ್ತು, ಹೋಗುವಾಗ ಹೇಗಿತ್ತು ಎಂದು ವಹಿಯಲ್ಲಿ ಬರೆದು ಮೂವರೂ ಸಹಿ ಹಾಕುತ್ತೇವೆ. ಕೆಟ್ಟರೆ ತನಿಖೆಯವರಿಗೆ ತೋರಿಸಲು ಮುಖ್ಯೋಪಾಧ್ಯಾಯರ ಕೈಯಲ್ಲಿ ಒಂದು ದಾಖಲೆ ಇರುತ್ತದೆ. ಮೇಡಂ ಒಬ್ಬರು ಆ ಗಂಟೆ ನಮ್ಮ ಜೊತೆ ಇರಲು ಒಪ್ಪಿದ್ದಾರೆ. ಹೆಸರು ಬರೆಯಬೇಡ ಎಂದಿದ್ದಾರೆ, ಬರೆದಿಲ್ಲ.

ವಹಿಯನ್ನು ನಾನೇ ತಂದಿದ್ದೇನೆ. ಇನ್ನೂರು ಪುಟದ್ದು, ಮೊದಲ ಹತ್ತು ಪುಟಕ್ಕೆ ಗೆರೆ ಎಳೆದು ತಾರೀಖು, ಹೆಸರು, ಕಂಪ್ಯೂಟರ್ ನಂಬರ್, ಸಹಿ ಎಂದು ಕಲಂ ಮಾಡಿದ್ದೇನೆ. ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಕಚೇರಿಯ ಮೇಜಿನ ಮೇಲೆ ಇಟ್ಟು ಬರುತ್ತೇನೆ. ಜೊತೆಗೆ ಬರುವವರು ಬಾವಿಯ ಹತ್ತಿರ ನಿಂತಿರಿ.

— ಹತ್ತನೇ ತರಗತಿಯ ವಿದ್ಯಾರ್ಥಿನಿ