ಅಡಕೆಯ ಧಾರಣೆಯೂ ಪರರಾಷ್ಟ್ರನೀತಿಯೂ

ಪರರಾಷ್ಟ್ರನೀತಿ ಎಂದೊಡನೆ ಅದು ದೆಹಲಿಯ ದೊಡ್ಡವರ ವ್ಯವಹಾರ, ಕೊಕ್ಕಡದಂತಹ ಊರಿನವರಿಗೆ ಅದರ ಗೊಡವೆ ಏಕೆ ಎಂದು ನಮ್ಮಲ್ಲಿ ಅನೇಕರಿಗೆ ಎನಿಸುವುದುಂಟು. ಆದರೆ ಅಂಗಳದಲ್ಲಿ ಅಡಕೆ ಹರಡಿ, ಸಂಜೆಗೆ ಅಂದಿನ ಧಾರಣೆ ಎಷ್ಟೆಂದು ಕೇಳುವ ನಮ್ಮ ಹಿರಿಯರು ತಿಳಿದೋ ತಿಳಿಯದೆಯೋ ಪರರಾಷ್ಟ್ರನೀತಿಯನ್ನೇ ವಿಚಾರಿಸುತ್ತಿರುತ್ತಾರೆ.

ಹೊರದೇಶದ ಅಡಕೆಯನ್ನು ಇಷ್ಟಕ್ಕಿಂತ ಕಡಮೆ ಬೆಲೆಗೆ ತರಿಸಕೂಡದೆಂಬ ಕಟ್ಟುಪಾಡು ನಮ್ಮಲ್ಲಿದೆ. 2023ರಲ್ಲಿ ಅದನ್ನು ಕಿಲೋ ಒಂದಕ್ಕೆ 251 ರೂಪಾಯಿಯಿಂದ 351ಕ್ಕೆ ಏರಿಸಲಾಯಿತು. ಆದರೆ ಸ್ನೇಹಿತರಿಗೆ ಬಾಗಿಲು ಬೇರೆ. 1998ರಲ್ಲಿ ಸಹಿಯಾಗಿ 2000ದಲ್ಲಿ ಜಾರಿಗೆ ಬಂದ ಶ್ರೀಲಂಕಾ ಒಪ್ಪಂದದ ನೆರಳಿನಲ್ಲಿ ಬೇರೆ ದೇಶಗಳ ಅಡಕೆಯೂ ನುಸುಳುತ್ತದೆಂಬ ದೂರು ಹಳೆಯದು. 2022ರ ಸೆಪ್ಟೆಂಬರಿನಲ್ಲಿ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಕೆಯನ್ನು ಆ ಕನಿಷ್ಠ ಬೆಲೆಯ ಕಟ್ಟಿಲ್ಲದೆ ತರಿಸಲು ಅಪ್ಪಣೆಯಾಯಿತು. ಭೂತಾನ್ ಚೀನಾದ ಮಗ್ಗುಲಲ್ಲಿರುವ ಪುಟ್ಟ ನೆರೆರಾಜ್ಯ. 2017ರಲ್ಲಿ ದೋಕ್ಲಾಮಿನಲ್ಲಿ ಎರಡು ಸೇನೆಗಳು ಎದುರುಬದುರು ನಿಂತದ್ದನ್ನು ಯಾರೂ ಮರೆತಿಲ್ಲ. ಅಂತಹ ಸ್ನೇಹಕ್ಕೆ ಬೆಲೆ ತೆರಬೇಕೆಂದರೆ ನಾನು ವಿರೋಧಿಸುವವನಲ್ಲ. ತೆರುವವನನ್ನು ಒಮ್ಮೆ ಕೇಳಬೇಕು ಎಂಬುದಷ್ಟೇ ನನ್ನ ವಾದ.

ಕೇಳಲೇಬೇಕೆಂಬ ಕಟ್ಟಳೆ ನಮ್ಮಲ್ಲಿಲ್ಲ. ಸಂವಿಧಾನದ ಏಳನೆಯ ಅನುಸೂಚಿಯನ್ನು ತೆರೆದು ನೋಡಿದರೆ ಒಂದು ವಿನೋದ ಕಾಣುತ್ತದೆ. ಕೇಂದ್ರದ ಪಟ್ಟಿಯ 14ನೆಯ ನಮೂದು ಪರದೇಶಗಳೊಡನೆ ಮಾಡುವ ಒಪ್ಪಂದ. ರಾಜ್ಯಗಳ ಪಟ್ಟಿಯ 14ನೆಯ ನಮೂದು ಬೇಸಾಯ! ಒಂದು ಹದಿನಾಲ್ಕು ಇನ್ನೊಂದನ್ನು ನುಂಗಿದಾಗ ಬೆಂಗಳೂರಿನ ಸರಕಾರ ಪತ್ರ ಬರೆದು ಸುಮ್ಮನಾಗಬೇಕು. ಪಾರ್ಲಿಮೆಂಟಿನದೂ ಹೆಚ್ಚುಕಡಮೆ ಅದೇ ಪಾಡು. ಒಪ್ಪಂದ ಮಾಡುವುದು ಮಂತ್ರಿಮಂಡಲ. ಅದನ್ನು ನಡೆಸಲು ಹೊಸ ಕಾನೂನು ಬೇಕಾದರೆ ಮಾತ್ರ 253ನೆಯ ವಿಧಿಯಂತೆ ವಿಷಯ ಸಭೆಯ ಮುಂದೆ ಬರುತ್ತದೆ.

ಅಮೆರಿಕದ ಪದ್ಧತಿ ಬೇರೆ. ಅಲ್ಲಿ ಅಧ್ಯಕ್ಷರು ಮಾಡಿದ ಕೌಲಿಗೆ ಸೆನೆಟ್ಟಿನಲ್ಲಿ ಮೂರರಲ್ಲಿ ಎರಡು ಪಾಲಿನ ಒಪ್ಪಿಗೆ ಬೇಕು. ವಿಲ್ಸನ್ನರು ಪ್ಯಾರಿಸಿನಲ್ಲಿ ತಿಂಗಳುಗಟ್ಟಲೆ ಕುಳಿತು ತಂದ ವರ್ಸೇಲ್ಸ್ ಕೌಲನ್ನು ಸೆನೆಟ್ಟು 1919ರಲ್ಲಿ ಒಮ್ಮೆ, 1920ರಲ್ಲಿ ಮತ್ತೊಮ್ಮೆ ತಿರಸ್ಕರಿಸಿತು. (ಸೆನೆಟ್ಟನ್ನು ಬಳಸಿ ಹೋಗುವ ಒಳದಾರಿಗಳನ್ನು ಆಮೇಲಿನ ಅಧ್ಯಕ್ಷರು ಚೆನ್ನಾಗಿ ಕಲಿತರೆಂಬುದು ಬೇರೆ ಮಾತು.)

ನಮ್ಮಲ್ಲಿ ಜನರ ಮಾತು ನಡೆಯುವುದೇ ಇಲ್ಲವೆಂದಲ್ಲ. ಚೀನಾ, ಆಸ್ಟ್ರೇಲಿಯಾ ಮುಂತಾದ ಹದಿನೈದು ದೇಶಗಳೊಡನೆ ಆಗಲಿದ್ದ ಆರ್‌ಸಿಇಪಿ ಒಪ್ಪಂದದ ವಿರುದ್ಧ 2019ರಲ್ಲಿ ಹಾಲು ಉತ್ಪಾದಕರೂ ರೈತ ಸಂಘಗಳೂ ಎದ್ದು ನಿಂತರು. ಆ ವರ್ಷದ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ಹಿಂದೆ ಸರಿಯಿತು. ಮಾತುಕತೆ ಆರಂಭವಾಗಿ ಆಗಲೇ ಏಳು ವರ್ಷ ಕಳೆದಿತ್ತು! ಬೀದಿಯಲ್ಲಿ ಕೇಳಿಸಿಕೊಂಡದ್ದನ್ನು ಸಭೆಯಲ್ಲಿಯೇ ಮೊದಲು ಕೇಳಿಸಿಕೊಳ್ಳಬಾರದೆ?

ಸಂಧಾನಕ್ಕೆ ಗುಟ್ಟು ಬೇಕು ಎನ್ನುವವರಿದ್ದಾರೆ. ನಡೆಯುತ್ತಿರುವ ಸಂಧಾನಕ್ಕೆ ಬೇಕು, ನಿಜ. ಮುಗಿದ ಕರಡಿಗೆ ಯಾವ ಗುಟ್ಟು? ಸಹಿ ಬೀಳುವ ಮೊದಲು ಅದನ್ನು ಒಂದು ತಿಂಗಳ ಕಾಲ ಪಾರ್ಲಿಮೆಂಟಿನ ಮೇಜಿನ ಮೇಲಿಡಲಿ. ಅದರಲ್ಲಿ ಅಡಕೆಯ ಮಾತಿದ್ದರೆ ಅಡಕೆ ಬೆಳೆಯುವ ರಾಜ್ಯಗಳಿಗೂ ಒಂದೊಂದು ಪ್ರತಿ ಬರಲಿ.